ಹುರಳಿ ಮೇಲೆ ಡ್ರಿಫ್ಟಿಂಗ್

"ಮುನವಳ್ಳಿ ಸೀಮೆಯೊಳಗ ಕಾರು ಅಡ್ಡಡ್ಡ ಓಡಿಸಿದ ಮೊದಲನೇ ಗಂಡಸು ನಾನ ಆಗಬೇಕು!" ೨೦೦೫ರ ಡಿಸೆಂಬರಿನ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ನಾನು ಘೋಷಿಸಿಬಿಟ್ಟೆ.

ಕಾರಣ ಟಿವಿ. ಒಂದು ವಾರದಿಂದ ಕೇಬಲ್‌ನಲ್ಲಿ ಡ್ರಿಫ್ಟಿಂಗ್ ಎಂಬ ಆಟ ನೋಡುತ್ತಿದ್ದೆ. ಜಪಾನಿನ ಗುಡ್ಡದ ರಸ್ತೆಗಳಲ್ಲಿ ಪುಂಡ ಹುಡುಗರು ಶುರು ಮಾಡಿದ್ದಂತೆ. ತಿರುವು ಬಂದರೆ ನಾವು ವೇಗ ತಗ್ಗಿಸುತ್ತೇವೆ. ಅವರು ಬೇಕೆಂತಲೇ ಹಿಂದಿನ ಗಾಲಿ ಜಾರಿಸಿ, ಹೊಗೆ ಎಬ್ಬಿಸುತ್ತ ಏಡಿಯ ಹಾಗೆ ಅಡ್ಡಡ್ಡ ಹೋಗುತ್ತಾರೆ. ಅಲ್ಲಿ ಮೊದಲು ಮುಟ್ಟಿದವನಿಗಲ್ಲ, ಚಂದ ಜಾರಿದವನಿಗೆ ಬಹುಮಾನ! ಬದುಕಿನಲ್ಲಿ ಎಲ್ಲಿಗೂ ಮೊದಲು ಮುಟ್ಟದ ನನಗೆ ಇದಕ್ಕಿಂತ ಹೊಂದುವ ಆಟ ಬೇರೆ ಯಾವುದು?

ಹೆಂಡತಿ ಉಮಾಶ್ರೀಗೆ ಚಹಾದ ಬಸಿ ತಿರುಗಿಸಿ ತೋರಿಸಿ ಪಾಠ ಹೇಳಿದೆ. "ಗಾಡಿ ಹಿಂಭಾಗ ಎತ್ತ ಜಾರತೈತಿ, ಅತ್ತ ಸ್ಟೇರಿಂಗ್ ತಿರುವಬೇಕು. ಬ್ರೇಕ್ ಮಾತ್ರ ಮುಟ್ಟಬಾರದು! ತವರುಮನಿ ಟ್ರ್ಯಾಕ್ಟರ್ ಹೊಡದಂಗಲ್ಲ ಇದು!"

"ಗಾಡಿ ನಮ್ಮಪ್ಪಂದು. ನೆಟ್ಟಗ ಹೊಡೀರಿ ಸಾಕು," ಎಂದಳು.

ಕುತ್ತು ಇದ್ದದ್ದೇ ಅಲ್ಲಿ. ಮಾವ ನಿಜಗುಣಪ್ಪನವರ ಬಿಳಿ ಅಂಬಾಸಡರ್! ಹನ್ನೊಂದು ವರ್ಷ ಯಾರ ಕೈಗೂ ಕೊಡದ ಗಾಡಿ. ಈಗ ಕಣ್ಣು ಮಂಜಾಗಿ ಚಾವಿ ನನ್ನ ಕೈಗಿಟ್ಟಿದ್ದರು. "ಅಳ್ಯಾರ, ಸಿರಸಂಗಿ ಗುಡಿಗೆ ಹೋಗಿ ಬರೂದ್ರಾಗ ಒಂದ ಗೀರ ಬೀಳದಂಗ ಹೊಡದ್ರ, ಗಾಡಿ ನಿಮಗ!"

ಮಾವ ಹಿಂದೆ ಕುಳಿತರು, ಉಮಾಶ್ರೀ ನನ್ನ ಮಗ್ಗುಲಿಗೆ. ಊರು ದಾಟುವಷ್ಟರಲ್ಲೇ ನನ್ನ ಶೌರ್ಯವೆಲ್ಲ ಇಂಗಿಹೋಯಿತು. ಕನ್ನಡಿಯ ತುಂಬ ಮಾವನ ಮೀಸೆ. ಕಬ್ಬಿನ ಟ್ರ್ಯಾಕ್ಟರ್ ಎದುರು ಬಂದರೆ ನಡುಕ, ಎಮ್ಮೆ ಬಂದರೆ ಬೆವರು, ಏನೂ ಬರದಿದ್ದರೆ ಇನ್ನೂ ಹೆಚ್ಚು ಹೆದರಿಕೆ!

"ಸೈಕಲ್‌ನಾಂವ ಮುಂದ ಹೋದ್ನಲ್ಲರಿ!" ಎಂದರು ಮಾವ.

ಅವಮಾನ! ರೇಸ್ ಕೊಟ್ಟೆ. ತಿರುವು ಬಂತು. ನೋಡಿದರೆ ತಿರುವಿನ ತುಂಬ ಹುರಳಿ! ಬಳ್ಳಿ ಸಮೇತ ಡಾಂಬರಿನ ಮೇಲೆ ಹರವಿದ್ದರು. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆಯೇ ಕಣ, ಹಾಯ್ದು ಹೋಗುವ ಗಾಡಿಗಳೇ ಒಕ್ಕಣೆಯ ಎತ್ತು. ಅದರ ಮೇಲೆ ಮೆಲ್ಲಗೆ ಹೋಗಬೇಕು, ಬ್ರೇಕ್ ಒತ್ತಬಾರದು ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ನಾನು ಎರಡೂ ಕಾಲಿನಿಂದ ಬ್ರೇಕ್ ತುಳಿದೆ!

ಗಾಡಿ ಸರ್ರನೆ ಜಾರಿತು. ಪಕ್ಕದ ಕಿಟಕಿಯಲ್ಲಿ ಕಾಣಬೇಕಾದ ಕಾಲುವೆ ಮುಂದಿನ ಗಾಜಿನಲ್ಲೇ ಕಂಡಿತು, ತುಂಬಿ ಹರಿಯುತ್ತಿತ್ತು! ಸತ್ತೆ ಅಂದುಕೊಂಡೆ. ಬದುಕಿದರೆ ಹಿಂದೆ ಮಾವ ಇದ್ದಾರಲ್ಲ ಎಂದು ಇನ್ನೂ ಹೆದರಿದೆ. ಸ್ಟೇರಿಂಗ್ ಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ.

"ಕಾಲ ತಗೀರಿ!" ಉಮಾಶ್ರೀ ಚೀರಿ ತೊಡೆ ಚಿವುಟಿದಳು. ಕಾಲು ತಾನಾಗಿಯೇ ಮೇಲೆ ಹಾರಿತು.

ಗಾಡಿ ಅಡ್ಡಡ್ಡ ತೇಲುತ್ತ ತಿರುವು ದಾಟಿ, ನೆಟ್ಟಗಾಗಿ ನಿಂತಿತು. ಕಣ್ಣು ಬಿಟ್ಟೆ. ಸ್ಟೇರಿಂಗ್ ಉಮಾಶ್ರೀಯ ಕೈಯಲ್ಲಿತ್ತು.

"ನೀವು ಹೇಳಿದಂಗ ತಿರುವಿದೆ ನೋಡ್ರಿ," ಎಂದಳು.

ಹುರಳಿಯ ಒಡತಿ ಲಗಮವ್ವ ಕಾಳು ಕೇರುವ ಮರ ಹಿಡಿದು ಓಡಿ ಬಂದಳು. ಬೈಗುಳಕ್ಕೆಂದು ತಲೆ ತಗ್ಗಿಸಿದೆ. ಅವಳು ನನ್ನತ್ತ ನೋಡಲೇ ಇಲ್ಲ. "ತಂಗೀ, ಮುಂಜಾನಿಂದ ಇಷ್ಟ ಚಂದ ಯಾರೂ ತುಳಿಸಿಲ್ಲ! ತಿರುಗಿ ಬರುವಾಗ ಆ ಮಗ್ಗಲಕ್ಕೂ ಹಿಂಗ ಒಮ್ಮಿ ಹಾಯಿಸ!"

ಮಾವ ಇಳಿದು, ಗಾಡಿಯನ್ನು ಸುತ್ತಲೂ ಕೈಯಿಂದ ಸವರಿ ನೋಡಿದರು. "ಒಂದ ಗೀರ ಬಿದ್ದಿಲ್ಲ. ಮಾತಿಗೆ ತಪ್ಪಾಂವಲ್ಲ ನಾ. ಹೊಡದಾಕಿಗೆ ಗಾಡಿ!" ಎಂದು ಚಾವಿ ಮಗಳ ಕೈಗಿಟ್ಟರು.

"ಮತ್ತ ನಾನ್ರೀ, ಮಾವಾರ?"

"ನೀವು ಹಿಂದ ಕುಂಡ್ರಿ, ಅಳ್ಯಾರ. ಹಿಂದ ಭಾರ ಇದ್ರ ಗಾಡಿ ಜಾರೂದಿಲ್ಲ!"