ಸೋದರಮಾವನ ಬ್ಯಾಟರಿ ಖರೀದಿ

ನನ್ನ ಸೋದರಮಾವ ಬೀದಿಯ ಇಳಿಜಾರು ನೋಡಿ ನೆಂಟಸ್ತನ ಮಾಡುತ್ತಿದ್ದ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಗುಬ್ಬಿಯಲ್ಲಿ ಯಾರನ್ನಾದರೂ ಕೇಳಿ! ಅಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡಿಕೊಂಡಿದ್ದ ಮಾವನ ಹತ್ತಿರ ಎರಡನೆಯ ಮಹಾಯುದ್ಧಕ್ಕೆ ಮುಂಚಿನದೊಂದು ವ್ಯಾನಿತ್ತು. ಅದರಲ್ಲಿ ಎಂಟು ಜನ ಕೂರಬಹುದಿತ್ತು, ಬಂಧುಗಳಾದರೆ ಹದಿನಾಲ್ಕು. ಎಲ್ಲ ಸರಿಯಿತ್ತು, ಬ್ಯಾಟರಿ ಮಾತ್ರ ಸತ್ತು ಮೂರು ವರ್ಷವಾಗಿತ್ತು.

ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡಬಹುದಿತ್ತಲ್ಲ ಎನ್ನುತ್ತೀರಾ? ಒಮ್ಮೆ ಅದು ತಿರುಗಿ ಹೊಡೆದು ಮಾವನ ಮಣಿಕಟ್ಟು ಮುರಿದಿತ್ತು. ಅಂದಿನಿಂದ ವ್ಯಾನನ್ನು ಇಳಿಜಾರಿನಲ್ಲೇ ನಿಲ್ಲಿಸುವುದು, ಹೊರಡುವಾಗ ಉರುಳಲು ಬಿಟ್ಟು ಸ್ಟಾರ್ಟ್ ಮಾಡುವುದು. ಇದಕ್ಕೆಂದೇ ಮನೆಯ ಮುಂದೆ ಹತ್ತು ಗಾಡಿ ಮಣ್ಣು ಹೊಡೆಸಿ ದಿಬ್ಬ ಮಾಡಿಸಿದ್ದ. ಮಗಳಿಗೆ ಗಂಡು ನೋಡಲು ಕುಣಿಗಲ್ಲಿಗೆ ಹೋದಾಗ ಜಾತಕ ಕೂಡಿತು, ಉಪ್ಪಿಟ್ಟೂ ಚೆನ್ನಾಗಿತ್ತು. ಮಾವ ಹೊರಗೆ ಬಂದು ಆ ತುದಿಯಿಂದ ಈ ತುದಿಗೆ ಬೀದಿ ನೋಡಿದ.

"ಹುಡುಗ ಚೆನ್ನಾಗವ್ನೆ ಕಣೋ. ಬೀದಿ ಮಟ್ಟಸವಾಗದೆ," ಎಂದು ನನ್ನ ಕಿವಿಯಲ್ಲಿ ಹೇಳಿದ.

ಆ ಸಂಬಂಧ ಅಲ್ಲಿಗೇ ನಿಂತುಹೋಯಿತು.

ಕಷ್ಟವಾದದ್ದು ನನ್ನ ಅಮ್ಮನಿಗೆ. ಮಾವನಿಗೆ ಅವಳೊಬ್ಬಳೇ ತಂಗಿ. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಮ್ಮ ಮನೆ, ಅಂಗೈಯಷ್ಟು ಮಟ್ಟಸವಾದ ಬೀದಿ. ಪ್ರತಿ ಗೌರಿ ಹಬ್ಬಕ್ಕೂ ಮಾವ ತವರಿನ ಬಾಗಿನ ತರುತ್ತಿದ್ದ. ಆದರೆ ಎಂಜಿನ್ ನಿಲ್ಲಿಸುವಂತಿಲ್ಲವಲ್ಲ! ಬಾಗಿನ ಕಿಟಕಿಯಿಂದ ಹೊರಗೆ, ಕಾಫಿ ಕಿಟಕಿಯಿಂದ ಒಳಗೆ. ಗುಡುಗುಟ್ಟುವ ವ್ಯಾನಿನ ಸದ್ದಿನಲ್ಲಿ ಕುಶಲಪ್ರಶ್ನೆ ಬೀದಿಗೆಲ್ಲ ಕೇಳುತ್ತಿತ್ತು. "ನಾವೆಲ್ಲ ತಳ್ಳುತ್ತೇವೆ, ಇಳಿಯಿರಿ," ಎಂದು ಅಪ್ಪ ಎಷ್ಟು ಹೇಳಿದರೂ ಮಾವ ಒಪ್ಪುತ್ತಿರಲಿಲ್ಲ. ತಂಗಿಯನ್ನು ಕೊಟ್ಟ ಮನೆಯವರ ಕೈಯಲ್ಲಿ ವ್ಯಾನು ತಳ್ಳಿಸಿದರೆ ತವರಿನ ಮರ್ಯಾದೆ ಏನಾಗಬೇಕು?

ಮೂರನೆಯ ವರ್ಷ ಅಮ್ಮ ಬಾಗಿನ ತೆಗೆದುಕೊಂಡಳು, ಕಾಫಿ ಕೊಡಲಿಲ್ಲ.

"ಬಸ್ಸಾದ್ರೂ ಸ್ಟ್ಯಾಂಡಲ್ಲಿ ಹತ್ತು ನಿಮಿಷ ನಿಲ್ತದೆ ಅಣ್ಣ. ಮುಂದಿನ ಗೌರಿಗೆ ಒಳಗ್ ಬಂದು ಉಣ್ಣೋ ಹಂಗಿದ್ರೆ ಬಾ. ಇಲ್ದಿದ್ರೆ ಬಾಗಿನಾನ ಪೋಸ್ಟಲ್ಲಿ ಕಳ್ಸು."

ಮಾವ ಗೇರು ಹಾಕಿ ಹೊರಟುಹೋದ. ಅಮ್ಮ ಅಡಿಗೆಮನೆಯಲ್ಲಿ ಕೂತು ಅತ್ತಳು.

ಮರುವರ್ಷ ಹಬ್ಬಕ್ಕೆ ಒಂದು ವಾರವಿರುವಾಗ ಮಾವ ಬಸ್ಸಿನಲ್ಲಿ ತುಮಕೂರಿಗೆ ಬಂದು ನೇರವಾಗಿ ನನ್ನ ಕಾಲೇಜಿನ ಬಾಗಿಲಿಗೆ ಬಂದ. "ಬ್ಯಾಟ್ರಿ ತಗೋಬೇಕು, ನಡಿ. ಓದ್ದೋನು ನೀನು, ನಿಂಗೆ ಗೊತ್ತಿರ್ತದೆ," ಎಂದ. ನಾನು ಓದುತ್ತಿದ್ದುದು ಇತಿಹಾಸ.

ಅಂಗಡಿಯವನು ಹೊಳೆಯುವ ಬ್ಯಾಟರಿಗಳನ್ನು ಸಾಲಾಗಿ ಇಟ್ಟ. ಮಾವ ಒಂದೊಂದನ್ನೂ ಬೆರಳಿನಿಂದ ಕುಟ್ಟಿ ಕಿವಿಗೊಟ್ಟ. "ಇದು ಇನ್ನೂ ಎಳಸು," ಎಂದು ಪಕ್ಕಕ್ಕೆ ತಳ್ಳಿದ. ಮೂರನೆಯದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು, ಒಳಗೆ ನೀರು ಎಷ್ಟಿದೆಯೆಂದು ಅಲ್ಲಾಡಿಸಿಯೇಬಿಟ್ಟ! ಆಸಿಡ್ಡು ಪಂಚೆಯ ಮೇಲೆ ಚೆಲ್ಲಿತು. ಮುಂದಿನ ಒಗೆತಕ್ಕೆ ಆ ಪಂಚೆಯಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯಬಹುದಿತ್ತು.

"ಸ್ವಾಮಿ, ಇವೆಲ್ಲ ಹನ್ನೆರಡು ವೋಲ್ಟು. ನಿಮ್ ಹಳೇ ಗಾಡಿಗೆ ಆರೇ ಆಗೋದು. ಇದ್ ಹಾಕಿದ್ರೆ ಬಲ್ಬೆಲ್ಲ ಸುಟ್ಟೋಯ್ತವೆ," ಎಂದ ಅಂಗಡಿಯವನು, ವ್ಯಾನಿನ ವಯಸ್ಸು ಕೇಳಿ ತಿಳಿದ ಮೇಲೆ.

"ಹನ್ನೆರಡೇ ಕೊಡು. ಆರು ಬಳಸ್ತೀನಿ, ಮಿಕ್ಕಿದ್ದು ಹಂಗೇ ಇರ್ಲಿ ಬುಡು."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಕೊನೆಗೆ ಅವನೇ ಬೇಸತ್ತು, "ನಿಮ್ಗೆ ಎಂಥದ್ದು ಬೇಕು, ಅದನ್ನಾದ್ರೂ ಹೇಳಿ," ಎಂದ. ಮಾವ, "ತಂಗಿ ಮನೆ ಮುಂದೆ ಎಂಜಿನ್ ಆಫ್ ಮಾಡ್ಬೇಕು. ಉಂಡು, ಮಾತಾಡಿ, ಎದ್ದು ಬಂದ್ಮೇಲೂ ಸ್ಟಾರ್ಟ್ ಆಗ್ಬೇಕು. ಅಂಥದ್ದು," ಎಂದ.

ಅಂಗಡಿಯವನು ಒಳಗೆ ಹೋಗಿ, ಧೂಳು ಹಿಡಿದ, ದಪ್ಪನೆಯ ಆರು ವೋಲ್ಟಿನದೊಂದನ್ನು ಹೊತ್ತು ತಂದ. ಒಳಗಿನ ಸೀಸದ ಪ್ಲೇಟು ಜಾಸ್ತಿ, ಹಳೆಯ ಗಾಡಿಯನ್ನು ಎಬ್ಬಿಸುವ ತಾಕತ್ತು ಇದಕ್ಕೇ ಇರುವುದು ಎಂದ. ಮಾವ ಜೇಬಿನಿಂದ ಎರಡು ಗಂಟು ಹಾಕಿದ ಬಾಳೆನಾರು ತೆಗೆದು ಅಳತೆ ನೋಡಿದ. ಬ್ಯಾಟರಿ ಕೂರುವ ಪೆಟ್ಟಿಗೆಯ ಅಳತೆಯಂತೆ ಅದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗಲಿಲ್ಲ.

ಗೌರಿ ಹಬ್ಬದ ದಿನ ವ್ಯಾನು ಬಂತು. ಅಮ್ಮ ಮುನಿಸು ಮರೆತು ಕಾಫಿ ಲೋಟ ಹಿಡಿದು ಕಿಟಕಿಗೇ ಓಡಿದಳು. ಸದ್ದು ನಿಂತಿತು. ಮಾವ ಇಳಿದು ಕಾಲು ತೊಳೆದು ಒಳಗೆ ಬಂದು, ಬಾಗಿನವನ್ನು ದೇವರ ಮುಂದೆ ಅಮ್ಮನ ಕೈಗಿಟ್ಟ. ಅವಳು ಕಣ್ಣೊರೆಸಿಕೊಳ್ಳುತ್ತಲೇ ಬಡಿಸಿದ ಒಬ್ಬಟ್ಟನ್ನು ಲೆಕ್ಕವಿಲ್ಲದೆ ತಿಂದು, ಜಗಲಿಯಲ್ಲಿ ಗೊರಕೆ ಹೊಡೆದ. ಈ ತಿಕ್ಕಲು ಮನುಷ್ಯನ ಮೇಲೆ ನನಗೆ ಅಂದು ಬಂದಷ್ಟು ಪ್ರೀತಿ ಬೇರೆ ಯಾರ ಮೇಲೂ ಬಂದಿಲ್ಲ.

ಸಂಜೆ ಹೊರಟ. "ಸ್ಟಾರ್ಟ್ ಆಗ್ದಿದ್ರೆ ಇಲ್ಲೇ ಇದ್ಬುಡು ಅಣ್ಣ," ಎಂದಳು ಅಮ್ಮ. ಮಾವ ಗುಂಡಿ ಒತ್ತಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಷ್ಟು ಒಳ್ಳೆಯ ಬ್ಯಾಟರಿ! ಅಮ್ಮನ ಮುಖ ಸಪ್ಪಗಾಯಿತು.

ಮಾವ ಅದನ್ನು ನೋಡಿದ. ಎಂಜಿನ್ ಆಫ್ ಮಾಡಿ ಕೆಳಗಿಳಿದ.

"ಇನ್ನೊಂದ್ ಲೋಟ ಕಾಫಿ ಕೊಡು ಅಮ್ಮಣ್ಣಿ," ಎಂದ.