ಪ್ಲೇಯರಿಗೆ ಅತ್ತೆ ಕೊಟ್ಟ ಕಿವಿ

ಜನರ ದೂರುಗಳನ್ನು ನೀವು ಕಳೆದುಹಾಕಲಿಲ್ಲ, ಮಾನ್ಯ ಅಧಿಕಾರಿಗಳೇ. ಜೋಪಾನವಾಗಿ ಇಟ್ಟುಕೊಂಡು, ಕೇಳದೆ ಉಳಿದಿರಿ. ನನ್ನ ಆರೋಪ ಇದೇ. ನಿಮ್ಮ ಕಚೇರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ನಿಮಗೆ ಗೊತ್ತಿದೆ, ಅಷ್ಟು ಸಾಕು. ನಿಮ್ಮ ದುರದೃಷ್ಟವೆಂದರೆ ನಿಮ್ಮ ವ್ಯಾಪ್ತಿಯೊಳಗೇ ನನ್ನ ಸೋದರತ್ತೆ ವಾಸವಾಗಿದ್ದಾರೆ, ಅವರ ಜೊತೆ ನಾನೂ. ಇಡೀ ಜಿಲ್ಲೆಯಲ್ಲಿ ಇನ್ನಾರ ತಂಟೆಗೆ ಹೋಗಿದ್ದರೂ ನೀವು ನೆಮ್ಮದಿಯಾಗಿ ನಿವೃತ್ತರಾಗಬಹುದಿತ್ತು!

ಅತ್ತೆ ಭದ್ರಾವತಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಟ್ರಂಕ್ ಕಾಲ್ ಜೋಡಿಸಿದವರು. ಆಗ ಊರಿಂದೂರಿಗೆ ಮಾಡುವ ಟ್ರಂಕ್ ಕಾಲಿನ ಅಳತೆ ಮೂರು ಮೂರು ನಿಮಿಷ; ಅದು ಮುಗಿದೊಡನೆ ಆಪರೇಟರ್ ನಡುವೆ ಬಂದು ಕೇಳಬೇಕಿತ್ತು. ನೌಕರಿ ಮುಗಿದರೂ ಆ ಮೂರು ನಿಮಿಷ ಅವರನ್ನು ಬಿಡಲಿಲ್ಲ. ಮನೆಗೆ ಬಂದ ನೆಂಟರ ಮಾತಿನ ನಡುವೆ, "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದು ಕೇಳಿಬಿಡುತ್ತಿದ್ದರು. ನನ್ನನ್ನು ನೋಡಲು ಬಂದ ಗಂಡಿನ ತಂದೆ ತಮ್ಮ ವಂಶಾವಳಿಯನ್ನು ಆರಂಭಿಸಿದಾಗಲೂ ಅದೇ ಪ್ರಶ್ನೆ! ಅವರು ಮುಂದುವರಿಸಲಿಲ್ಲ. ಸಂಬಂಧವೂ ಮುಂದುವರಿಯಲಿಲ್ಲ. ಅತ್ತೆಗೆ ನಾನು ಇಂದಿಗೂ ಕೃತಜ್ಞೆ.

ಇನ್ನು ಅವರ ಕಿವಿ! ಒಮ್ಮೆ ಯಾರೋ ತಪ್ಪಿ ಮನೆಗೆ ಫೋನ್ ಮಾಡಿ "ಹಲೋ" ಎಂದಿದ್ದಷ್ಟೆ. "ರಾಂಗ್ ನಂಬರ್ ಕಣಪ್ಪ. ನೀನು ಹೊಳೆಹೊನ್ನೂರಿನ ಅಡಿಕೆ ಮಂಡಿಯವರ ಮಗ ಅಲ್ವಾ? ನೆಗಡಿ ಆಗಿದೆ, ಕಷಾಯ ಕುಡಿ" ಎಂದು ಅತ್ತೆ ಫೋನ್ ಇಟ್ಟುಬಿಟ್ಟರು.

ಇಂಥವರ ಬೀದಿಯ ನಲ್ಲಿಯಲ್ಲಿ ಚರಂಡಿ ನೀರು ಬೆರೆಯತೊಡಗಿತು. ನಿಮ್ಮ ಕಚೇರಿ ಆಗಷ್ಟೇ ಒಂದು ಯಂತ್ರ ಇಟ್ಟಿತ್ತು: ಫೋನ್ ಮಾಡಿ, 'ಬೀಪ್' ಸದ್ದಾದ ಮೇಲೆ ದೂರು ಹೇಳಬೇಕು. ಬೀದಿಯವರು ಹೇಳಿದರು. ಎಲ್ಲರಿಗಿಂತ ಹೆಚ್ಚು ಹೇಳಿದವರು ಪಕ್ಕದ ಮನೆಯ ಸೆಲ್ವಿಯಮ್ಮ. ಅವರ ಮೊಮ್ಮಗಳಿಗೆ ಆ ನೀರಿನಿಂದಲೇ ಕಾಮಾಲೆಯಾಗಿತ್ತು. ಆರು ತಿಂಗಳ ಬಳಿಕ ಹೊಸ ಕೊಳವೆ ಹಾಕುವ ಬೀದಿಗಳ ಪಟ್ಟಿ ಬಂತು. ನಮ್ಮ ಬೀದಿ ಅದರಲ್ಲಿಲ್ಲ! ಕಾರಣ? "ಸದರಿ ಬೀದಿಯಿಂದ ಪರಿಗಣಿಸಬಹುದಾದ ದೂರುಗಳಿಲ್ಲ."

ಮಾಹಿತಿ ಹಕ್ಕು ಕಾಯ್ದೆ ಹೊಸತು, ನನ್ನ ಎಂ.ಎ. ಪದವಿ ಅದಕ್ಕಿಂತ ಹೊಸತು. ಅರ್ಜಿ ಹಾಕಿದೆ. ಉತ್ತರವಾಗಿ ಒಂದು ಸಿ.ಡಿ. ಬಂತು, ಜೊತೆಗೊಂದು ಪತ್ರ: "ಧ್ವನಿಮುದ್ರಿತ ದೂರುಗಳನ್ನು ಲಗತ್ತಿಸಿದೆ. ಇವು ಯಾವ ಕಂಪ್ಯೂಟರಿನಲ್ಲಿಯೂ ನುಡಿಯದ ಕಾರಣ ಪರಿಗಣಿಸಿರುವುದಿಲ್ಲ." ನಾನು ಕೆರಳಿ ಕೂಗಾಡಿದೆ. ಅತ್ತೆ ಪತ್ರವನ್ನು ಎರಡು ಸಲ ಓದಿ ನಕ್ಕರು. "ಯಾಕೆ ಕಿರುಚ್ತೀಯ ಮಾರಾಯ್ತಿ? ದೂರು ಬಂದಿದೆ ಅಂತ ಅವರೇ ಬರ್ಕೊಟ್ಟಿದ್ದಾರೆ!"

ಮರುದಿನವೇ ಬಸ್ಸು ಹತ್ತಿ ಶಿವಮೊಗ್ಗದ ಕೋಟೆಯ ಬಳಿಯ ಕಂಪ್ಯೂಟರ್ ತರಗತಿಗೆ ಹೊರಟರು, ಅರವತ್ತೆರಡನೆಯ ವಯಸ್ಸಿನಲ್ಲಿ. "ಆಂಟಿ, ಟೈಪಿಂಗ್ ಕ್ಲಾಸು ಆ ಕಡೆ" ಎಂದರಂತೆ ಮೇಷ್ಟ್ರು. "ಟೈಪಿಂಗ್ ನೀವು ಹುಟ್ಟೋಕ್ ಮುಂಚೆ ಆಯ್ತು. ನಂಗೆ ಪ್ರೋಗ್ರಾಂ ಬರೆಯೋ ಸಿ ಲ್ಯಾಂಗ್ವೇಜ್ ಬೇಕು." ತಿಂಗಳು ತುಂಬುವುದರೊಳಗೆ ಮೇಷ್ಟ್ರೇ ಅತ್ತೆಯ ಬಳಿ ಅನುಮಾನ ಪರಿಹರಿಸಿಕೊಳ್ಳುವಂತಾಗಿತ್ತು!

ಕಂಪ್ಯೂಟರಿನಲ್ಲಿ ಧ್ವನಿ ನುಡಿಸುವ, ಉಚಿತವಾಗಿ ಸಿಗುವ ಒಂದು ಆಡಿಯೋ ಪ್ಲೇಯರನ್ನು ಅವರು ಆರಿಸಿಕೊಂಡರು. ಅದರ ಒಳಗಿನ ಪ್ರೋಗ್ರಾಂ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅದಕ್ಕೆ ನೂರು ಬಗೆಯ ಧ್ವನಿ ಕಡತಗಳು ಅರ್ಥವಾಗುತ್ತಿದ್ದವು, ದೂರುಯಂತ್ರದ್ದೊಂದನ್ನು ಬಿಟ್ಟು. ಅದನ್ನೂ ಪ್ಲೇಯರಿಗೆ ಕಲಿಸಲು ಅತ್ತೆ ಕೂತರು. ಅದೇಕೆ ಅಷ್ಟು ಕಷ್ಟ ಎಂದು ಕೇಳಿದೆ.

"ನಲ್ಲಿ ಹತ್ರ ಹೆಂಗಸರು ಮಾತಾಡಲ್ವೇನೆ, ಹಾಗೆ ಇದು. ಪೂರ್ತಿ ಕಥೆ ಯಾರೂ ಹೇಳಲ್ಲ. ನಿನ್ನೆಗಿಂತ ಇವತ್ತು ಏನು ಏರಿತು, ಏನು ಇಳೀತು, ಅಷ್ಟೇ. ನಡುವೆ ಕಿವಿ ಹಾಕಿದ್ರೆ ಬರೀ ಗೊರಗೊರ. ಮೊದಲಿಂದ ಕೂತು ಕೇಳ್ಬೇಕು."

ಮೊದಲಿನಿಂದ ಕೂತು ಕೇಳುವುದು! ಅಧಿಕಾರಿಗಳೇ, ಇದಕ್ಕೆ ಯಾವ ತರಬೇತಿ ಬೇಕು?

ನಾಲ್ಕು ತಿಂಗಳ ಬಳಿಕ ಕಡತ ಬಾಯಿಬಿಟ್ಟಿತು. ಆದರೆ ಯಾವ ವೇಗದಲ್ಲಿ ನುಡಿಯಬೇಕೆಂಬುದನ್ನು ಆ ಕಡತ ತನ್ನಲ್ಲಿ ಬರೆದುಕೊಂಡಿರಲಿಲ್ಲ. ಒಮ್ಮೆ ಸೆಲ್ವಿಯಮ್ಮ ಗಿಣಿಯಾದರು, ಒಮ್ಮೆ ಕೋಣವಾದರು. ಅತ್ತೆ ಕಣ್ಣು ಮುಚ್ಚಿ, "ಇನ್ನೊಂಚೂರು ನಿಧಾನ... ಹಾಂ, ನಿಲ್ಲಿಸು. ಇದೇ ಸೆಲ್ವಿ. ಸೇಲಂಗೆ ಅವಳು ಮಾಡಿದ ಕಾಲೆಲ್ಲ ನಾನೇ ಜೋಡ್ಸಿದ್ದು" ಎಂದರು. ಅತ್ತೆ ಬರೆದು ಕಳುಹಿಸಿದ್ದನ್ನು ಪ್ಲೇಯರಿನ ವಿದೇಶಿ ತಂಡದವರು ಒಪ್ಪಿ, ಅದರಲ್ಲಿ ಸೇರಿಸಿಕೊಂಡು, 'ಡಿಯರ್ ಸರ್' ಎಂದು ವಂದಿಸಿ ಪತ್ರ ಬರೆದರು. ತಿದ್ದೋಣವೆಂದೆ. "ಬಿಡು, ಕೆಲ್ಸ ಆಯ್ತಲ್ಲ" ಎಂದರು ಸರ್!

ಬಳಿಕ ಕಂಪ್ಯೂಟರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನಿಮ್ಮ ಕಚೇರಿಗೆ ಹೊರಟರು. "ಲಗೇಜ್ ಟಿಕೆಟ್ ತಗೋಳಮ್ಮ" ಎಂದ ಕಂಡಕ್ಟರ್. "ಲಗೇಜ್ ಅಲ್ಲಪ್ಪ, ಇದರೊಳಗೆ ನಮ್ಮ ಬೀದಿಯೋರೆಲ್ಲ ಇದ್ದಾರೆ."

ನಿಮ್ಮ ಮೇಜಿನ ಮೇಲೆ ಮೊದಲ ದೂರು ನುಡಿಯಿತು. "ಇದು ನಮ್ಮ ಸಾಫ್ಟ್‌ವೇರ್ ಅಲ್ಲ ಮೇಡಂ" ಎಂದಿರಿ.

"ಧ್ವನಿ ನಿಮ್ಮ ಯಂತ್ರದ್ದೇ ಸರ್. ಕಿವಿ ಮಾತ್ರ ನಂದು."

"ನಂಗೆ ಮೀಟಿಂಗ್ ಇದೆ" ಎಂದು ನೀವು ಎದ್ದಿರಿ.

"ಇನ್ನೂ ಮೂರು ನಿಮಿಷ ಆಗಿಲ್ಲ" ಎಂದರು ಅತ್ತೆ. ನೀವು ಕೂರಲಿಲ್ಲ.

ಅಂದು ಸಂಜೆ ಸೆಲ್ವಿಯಮ್ಮ ಮನೆಗೆ ಬಂದರು. ಅತ್ತೆ ಅವರ ಕಿವಿಗೆ ಹೆಡ್‌ಫೋನ್ ಹಾಕಿದರು. ತಮ್ಮದೇ ದೂರುಗಳನ್ನು ಅವರು ಒಂದೊಂದಾಗಿ ಕೇಳಿದರು: ನೀರು ಟೀ ಬಣ್ಣ ಸಾರ್, ವಾಸನೆ ಸಾರ್, ಪಾಪುಗೆ ಕಣ್ಣೆಲ್ಲ ಹಳದಿ ಸಾರ್, ಹಲೋ, ಯಾರಾದ್ರೂ ಇದ್ದೀರಾ ಸಾರ್? ಕೇಳಿ ಮುಗಿಸಿ, ನಿಧಾನವಾಗಿ ಹೆಡ್‌ಫೋನ್ ತೆಗೆದರು.

"ಅಕ್ಕಾ, ಹಂಗಾದ್ರೆ ನಾನು ಹೇಳಿದ್ದು ಹೋಗಿತ್ತಾ?"

"ಹೋಗಿತ್ತು ಕಣೆ ಸೆಲ್ವಿ. ಲೈನ್ ಸರಿಯಾಗೇ ಇತ್ತು. ಆ ಕಡೆಯೋರು ಎತ್ತಲಿಲ್ಲ, ಅಷ್ಟೆ."

ಸೆಲ್ವಿಯಮ್ಮ ಮೊಮ್ಮಗಳ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು. ಅತ್ತೆ ಕೂತು ಕೇಳಿದರು. ಗೋಡೆಯ ಗಡಿಯಾರದಲ್ಲಿ ಮೂರು ನಿಮಿಷ ಕಳೆಯಿತು, ಮೂವತ್ತು ನಿಮಿಷವೂ ಕಳೆಯಿತು. ಅತ್ತೆ ಆ ಪ್ರಶ್ನೆಯನ್ನು ಕೇಳಲಿಲ್ಲ.

ಆದ್ದರಿಂದ, ಮಾನ್ಯ ಅಧಿಕಾರಿಗಳೇ, ಸದರಿ ದೂರುಗಳನ್ನು ಮೊದಲಿನಿಂದ ಕೊನೆಯವರೆಗೆ ಆಲಿಸಿ, ಪ್ರತಿಯೊಂದಕ್ಕೂ ಲಿಖಿತ ಉತ್ತರ ನೀಡಬೇಕೆಂದೂ, ನಮ್ಮ ಬೀದಿಯ ಕೊಳವೆಯನ್ನು ಕೂಡಲೇ ಬದಲಾಯಿಸಬೇಕೆಂದೂ ಈ ಮೂಲಕ ಕೋರುತ್ತೇನೆ. ಪ್ಲೇಯರ್ ಉಚಿತ. ಲೈನ್ ಇನ್ನೂ ಕಡಿದಿಲ್ಲ. ಈ ಕಡೆಯಿಂದ ಅತ್ತೆ ಹಿಡಿದುಕೊಂಡಿದ್ದಾರೆ.