ರಾಯಪ್ಪಣ್ಣನ ಸಾವು

ಆ ಬೆಳಗ್ಗೆ ಮಂಟೇಸ್ವಾಮಿ ಅತ್ತಿದ್ದು ಮೂರೇ ಸಲ. ಮೊದಲ ಸಲ ಮಾತು ಉದ್ದವಾಯಿತು, ಎರಡನೇ ಸಲ ಗಿಡ್ಡವಾಯಿತು. ಪರದೆಯ ಮೇಲಿನ ಬಾಯಿ ಎಷ್ಟು ಹೊತ್ತು ತೆರೆದಿರುತ್ತದೋ ಅಷ್ಟೇ ಹೊತ್ತು ಕನ್ನಡವೂ ಇರಬೇಕು. ಡಬ್ಬಿಂಗಿಗೆ ಮಾತು ಬರೆಯುವವನ ಹಣೆಬರಹ ಅದು. ಮೂರನೇ ಸಲ ಎದೆ ಬಡಿದುಕೊಂಡೇ ಅತ್ತ. “ಅಯ್ಯೋ ರಾಯಪ್ಪಣ್ಣಾ! ನಮ್ಮನ್ನೆಲ್ಲ ಬುಟ್ಟು ಹೊಂಟೋದ್ಯಲ್ಲಪ್ಪೋ!” ಮಾತು ಸರಿಯಾಗಿ ಕೂತಿತು. ಆದರೆ ಕಿಟಕಿ ತೆರೆದಿತ್ತು.

ಈ ರಾಯಪ್ಪಣ್ಣ ಮನುಷ್ಯನಲ್ಲ, ಎರಡು ಕಾಲಿನ ಮೇಲೆ ನಡೆದಾಡುವ ಬಚ್ಚಲುಮನೆ ಬಾಯ್ಲರು. ದೊಡ್ಡವರಿಗೆಂದೇ ಮಾಡಿದ ವಿದೇಶಿ ಕಾರ್ಟೂನೊಂದರ ನಾಯಕ. ನೀರಿನ ಬದಲು ಹೆಂಡ ಕಾಯಿಸಿ ಕುಡಿಯುತ್ತಾನೆ, ಒಂದು ಮೋಡವನ್ನು ಮದುವೆಯಾಗಿದ್ದಾನೆ, ಬಾಯಿ ತೆರೆದರೆ ನಾವು ಕಿವಿ ಮುಚ್ಚಿಕೊಳ್ಳಬೇಕು. ತಲೆಬುಡವಿಲ್ಲದ ಕತೆ. ಅದನ್ನೇ ಜನ ಮುಗಿಬಿದ್ದು ನೋಡುತ್ತಾರೆ, ಏನು ಮಾಡೋಣ!

ಇದನ್ನೆಲ್ಲ ಮನೆ ಮಾಲೀಕರಿಗೆ ಹೇಳುವಂತಿರಲಿಲ್ಲ. ಮಹಡಿಯಲ್ಲಿದ್ದ ಸದಾಶಿವಯ್ಯನವರು ಹಣೆತುಂಬ ವಿಭೂತಿ ಧರಿಸುವವರು. ಶ್ರೀರಾಂಪುರದ ಈ ಮನೆ ಕೊಡುವಾಗಲೇ, “ಕೆಟ್ಟ ಮಾತು ಈ ಮನೇಲಿ ಕೇಳಿಸ್ಬಾರ್ದು ಕಣ್ರೀ” ಎಂದಿದ್ದರು. “ಭಕ್ತಿಕತೆಗಳನ್ನ ಕನ್ನಡಕ್ಕೆ ತರ್ತೀನಿ ಸಾರ್” ಎಂದು ಮಂಟೇಸ್ವಾಮಿ ಸುಳ್ಳು ಬಿಟ್ಟಿದ್ದ. ಒಂದೇ ವರ್ಷದಲ್ಲಿ ಇದು ಮೂರನೇ ಮನೆ. ಮಗಳು ಸಿಂಚನ ಪಕ್ಕದ ಬೀದಿಯ ಶಾಲೆಗೆ ಈಗಷ್ಟೇ ಹೊಂದಿಕೊಂಡಿದ್ದಳು. ಇನ್ನೊಂದು ಸಲ ಸಾಮಾನು ಕಟ್ಟುವುದಾದರೆ ಮಗಳನ್ನು ಕರೆದುಕೊಂಡು ತೌರಿಗೆ ಹೋಗುತ್ತೇನೆಂದು ಹೆಂಡತಿ ಹೇಳಿಯಾಗಿತ್ತು. ಹೇಳಿದರೆ ಮಾಡುವವಳೇ. ಆ ದಿನ ತಾಯಿ ಮಗಳಿಬ್ಬರೂ ಒಂದು ಮದುವೆಗೆ ಹೋಗಿದ್ದರು.

ಎದುರುಮನೆ ವಸಂತಮ್ಮ ಅಳು ಕೇಳಿ, ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಬಂದೇಬಿಟ್ಟರು. ಮಂಟೇಸ್ವಾಮಿ ಲ್ಯಾಪ್‌ಟಾಪ್ ಮುಚ್ಚಿದ.

“ಯಾರಪ್ಪ ಹೋಗಿದ್ದು? ಅಣ್ಣನಾ?”

ನಿಜ ಹೇಳಿದರೆ ಮನೆ ಹೋಯಿತು. “ಹೂಂ. ದೊಡ್ಡಣ್ಣ.”

“ಏನಾಗಿತ್ತು?”

ಗಾಬರಿಯಲ್ಲಿ ಆ ಬಾಯ್ಲರಿನ ಸಾವಲ್ಲದೆ ಬೇರೇನೂ ಹೊಳೆಯಲಿಲ್ಲ. “ಹೊಟ್ಟೆ ಒಡೀತು.”

“ಕುಡೀತಿದ್ರಾ?”

“ಮೂರು ಹೊತ್ತೂ.”

“ಪಾಪ, ಹೆಂಡ್ತಿ ಎಲ್ಲವ್ರೆ?”

“ಮೇಲೆ.”

“ಶಿವ್ನೇ, ಆಯಮ್ಮನೂ ಹೋಗ್ಬುಟ್ಳಾ!” ಎಂದು ವಸಂತಮ್ಮ ಅಲ್ಲೇ ಕುಸಿದು ಕೂತರು.

ಸಾವಿನ ಮನೆಯಲ್ಲಿ ಒಲೆ ಉರಿಯಬಾರದು. ಒಲೆಯ ಮೇಲಿದ್ದ ಕುಕ್ಕರನ್ನು ಅವರೇ ಇಳಿಸಿ, ತಮ್ಮ ಮನೆಯಿಂದ ಮುದ್ದೆ, ಉಪ್ಸಾರು ತಂದಿಟ್ಟರು. ಅದಕ್ಕೂ ಮೊದಲು ಮಂಟೇಸ್ವಾಮಿಯ ತಲೆಯ ಮೇಲೆ ಎರಡು ಬಕೆಟ್ ತಣ್ಣೀರು ಬಿತ್ತು. ಮಣ್ಣಿಗೆ ಯಾಕೆ ಹೋಗಲಿಲ್ಲವೆಂದು ಅವರ ಗಂಡ ಮಹದೇವು ಕೇಳಿದರು.

“ಫಾರಿನ್ನಲ್ಲಿ ಸಾರ್. ಅವ್ರೇ ಮುಗಿಸ್ಬುಟ್ರು.”

“ಅಂಗಾದ್ರೆ ಇಲ್ಲಿ ತಲೇನಾದ್ರೂ ಬೋಳಿಸ್ಬೇಕು ಕಣಪ್ಪ. ದೊಡ್ಡಣ್ಣ ಅಂದ್ರೆ ತಂದೆ ಸಮಾನ.”

“ಹನ್ನೊಂದನೇ ದಿನಕ್ಕೆ ಮಾಡಿಸ್ತೀನಿ...”

“ನಾನಿಲ್ವಾ? ನೀನ್ಯಾಕೆ ಯೋಚ್ನೆ ಮಾಡ್ತೀಯ?”

ಪರರ ಕಷ್ಟಕ್ಕೆ ಆಗುವವರ ಕೈಗೆ ಮಾತ್ರ ಸಿಕ್ಕಬಾರದು ನೋಡಿ. ಅರ್ಧ ಗಂಟೆಯಲ್ಲಿ ಕ್ಷೌರದವರು ಬಂದರು. ತಲೆಗೂದಲು ಹೋಯಿತು. ಇಪ್ಪತ್ತು ವರ್ಷ ಮುದ್ದಿನಿಂದ ಸಾಕಿದ್ದ ಮೀಸೆಯೂ ಹೋಯಿತು. ಆಗ ಮಂಟೇಸ್ವಾಮಿ ನಿಜವಾಗಿಯೇ ಅತ್ತ. “ಅಣ್ಣ ಅಂದ್ರೆ ಏನ್ ಪ್ರೀತಿ!” ಎಂದು ವಸಂತಮ್ಮನೂ ಅತ್ತರು.

ಸಂಜೆ ಸದಾಶಿವಯ್ಯನವರು ಇಳಿದು ಬಂದರು. ಕಣ್ಣು ಕೆಂಪಾಗಿತ್ತು. ಉಳಿದವರೆಲ್ಲ ಹೋದ ಮೇಲೆ ಬಾಗಿಲು ಹಾಕಿದರು.

“ಹೊಟ್ಟೆ ಒಡೆದೇ ಸಾಯ್ತಾನೇನ್ರೀ?”

“ಯಾರು ಸಾರ್?”

“ರಾಯಪ್ಪಣ್ಣ. ಆ ಮೋಡದಮ್ಮ ಬಂದು ಕಾಪಾಡಲ್ವಾ?”

ಮಂಟೇಸ್ವಾಮಿ ಮುಚ್ಚಿಟ್ಟಿದ್ದ ಲ್ಯಾಪ್‌ಟಾಪಿನ ಕಡೆ ನೋಡಿದ. ಮುದುಕರು ದನಿ ತಗ್ಗಿಸಿದರು. “ದಿನಾ ಪೂಜೆ ಆದ್ಮೇಲೆ ಫೋನಲ್ಲಿ ಒಂದು ಭಾಗ ನೋಡ್ತೀನಿ. ನಮ್ಮನೆಯವ್ರಿಗೆ ಗೊತ್ತಿಲ್ಲ. ಬೆಳಗ್ಗೆ ನೀವು ಅತ್ತಾಗ್ಲೇ ತಿಳೀತು, ಬರೆಯೋರು ನೀವೇ ಅಂತ. ಆ ಬೈಗುಳ, ಆಹಾ, ಏನ್ ಕನ್ನಡಾರೀ!”

ಮನೆ ಉಳಿಯಿತು! ಕೂದಲು ಬೇಕಾದರೆ ಮತ್ತೆ ಬರುತ್ತದೆ. ಮಂಟೇಸ್ವಾಮಿ ಸಂತೋಷದಿಂದ ಅವರ ಕಾಲಿಗೇ ಬಿದ್ದ.

“ಏಳಿ, ಏಳಿ. ನನ್ನದೊಂದೇ ಮಾತು. ಅವನನ್ನ ಬದುಕಿಸ್ಬಿಡಿ.”

“ಅದು ನನ್ನ ಕೈಲಿಲ್ಲ ಸಾರ್. ಅವ್ರು ಅಲ್ಲಿ ಸಾಯ್ಸವ್ರೆ, ನಾನು ಕನ್ನಡದಲ್ಲಿ ಸಾಯ್ಸ್ಬೇಕು ಅಷ್ಟೆ.”

ಸದಾಶಿವಯ್ಯನವರು ಕಣ್ಣೊರೆಸಿಕೊಂಡು ಬಾಗಿಲ ಕಡೆ ನಡೆದರು.

“ಅವನನ್ನ ಕೊಂದೋರ ಜೊತೆ ಒಂದೇ ಸೂರಿನಡಿ ಇರಕ್ಕಾಗಲ್ಲ ಕಣ್ರೀ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ.”